ಡಿಷ್ ರೆಕಾರ್ಡಿಂಗೂ ಒಟಿಟಿಯೂ: ಎರಡನ್ನೂ ಒಂದೇ ಟಿವಿಗೆ ಹೊಂದಿಸಿಕೊಂಡ ಬಗೆ

ಧಾರಾವಾಹಿಗಳೆಲ್ಲ ಒಟಿಟಿಯಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಓಡುವ ಆಪ್‌ನಲ್ಲೇ ಸಿಗುವಾಗ ರೆಕಾರ್ಡರ್ ಉಸಾಬರಿ ಯಾಕೆ ಅಂತ ಕೇಳುವವರು ಬಹಳ ಜನ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡನ್ನೂ ಬಳಸುತ್ತ ಬಂದವನಾಗಿ ಹೇಳುವುದಾದರೆ ಇವೆರಡರ ಕೆಲಸವೇ ಬೇರೆ. ಆಪ್‌ಗೆ ಬಿಡಬೇಕಾದ್ದನ್ನೆಲ್ಲ ರೆಕಾರ್ಡ್ ಮಾಡುತ್ತ ಹೋದರೆ ಡಿಸ್ಕ್ ತುಂಬುತ್ತದೆ, ಯಾರೂ ನೋಡುವುದಿಲ್ಲ. ರೆಕಾರ್ಡ್ ಮಾಡಬೇಕಾದ್ದನ್ನು ಆಪ್ ನಂಬಿ ಬಿಟ್ಟರೆ ಬೇಕಾದ ದಿನ ಅದು ಅಲ್ಲಿರುವುದಿಲ್ಲ. ಯಾವುದು ಎಲ್ಲಿಗೆ ಅನ್ನುವ ವಿಂಗಡಣೆ ಮೊದಲು ಆಗಬೇಕು. ಡಬ್ಬ (ಸೆಟ್‌ಟಾಪ್ ಬಾಕ್ಸ್), ಡಿಸ್ಕ್, ಚಂದಾ ಎಲ್ಲ ಆಮೇಲೆ.

ನಮ್ಮ ಮನೆಯ ವಿಂಗಡಣೆ ಹೀಗಿದೆ. ಖಾಸಗಿ ಚಾನೆಲ್‌ಗಳ ದಿನವಹಿ ಧಾರಾವಾಹಿಗಳು ಆಪ್‌ಗೆ. ಝೀ ಕನ್ನಡದ್ದು ಝೀ5ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ನೇರಪ್ರಸಾರ, ದೂರದರ್ಶನ ಚಂದನದ ಕಾರ್ಯಕ್ರಮ, ಭಾನುವಾರ ಮಧ್ಯಾಹ್ನ ಎಲ್ಲೋ ಬರುವ ಹಳೆಯ ಕಪ್ಪು-ಬಿಳುಪು ಚಿತ್ರ, ಇವು ರೆಕಾರ್ಡಿಂಗ್‌ಗೆ. ಕ್ರಿಕೆಟ್ ಡಿಷ್‌ನಲ್ಲೇ ನೇರವಾಗಿ. ಚಿತ್ರಗಳ ವಿಷಯದಲ್ಲಿ ಆಪ್ ನಂಬಿಕೆಗೆ ಅರ್ಹವಲ್ಲ. ಹಕ್ಕಿನ ಅವಧಿ ಮುಗಿದ ದಿನ ಪಟ್ಟಿಯಿಂದ ಸದ್ದಿಲ್ಲದೆ ಹೋಗಿಬಿಡುತ್ತವೆ. ಆಪ್‌ನಲ್ಲಿ 'ಡೌನ್‌ಲೋಡ್' ಮಾಡಿಟ್ಟುಕೊಂಡರೂ ಅದಕ್ಕೊಂದು ಗಡುವು ಇರುತ್ತದೆ. ಕೆಲವಂತೂ ಒಮ್ಮೆ ಪ್ಲೇ ಒತ್ತಿದ 48 ಗಂಟೆಗೆ ಮುಗಿಯುತ್ತವೆ.

ಮನೆಯಲ್ಲಿ ರೆಕಾರ್ಡ್ ಮಾಡಿ ನೋಡುವುದು ಕಾನೂನುಬದ್ಧವೇ ಅನ್ನುವ ಅನುಮಾನ ಕೆಲವರಿಗಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ, ಪ್ರಸಾರವಾದದ್ದನ್ನು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಹಕ್ಕಿಗೆ ಧಕ್ಕೆಯಲ್ಲ ಎನ್ನುತ್ತದೆ. ಅಮೆರಿಕದಲ್ಲಿ ಇದೇ ಜಗಳ ಸೋನಿಯ ಬೀಟಾಮ್ಯಾಕ್ಸ್ ಅನ್ನುವ ಕ್ಯಾಸೆಟ್ ರೆಕಾರ್ಡರ್ ಮೇಲೆ ನಡೆದು 1984ರಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ ಅದನ್ನು ಒಪ್ಪಿತು. ಆದರೆ ರೆಕಾರ್ಡ್ ಮಾಡಿದ್ದನ್ನು ವಾಟ್ಸಾಪ್ ಗುಂಪಿಗೋ ಯೂಟ್ಯೂಬ್‌ಗೋ ಹಾಕಿದರೆ ಅದು ಸ್ವಂತ ಬಳಕೆಯಲ್ಲ.

ಡಬ್ಬ ಮತ್ತು ಡಿಸ್ಕ್

ಹಾರ್ಡ್‌ಡಿಸ್ಕಿಗೆ ರೆಕಾರ್ಡ್ ಮಾಡುವ ಟಿವೋ ಡಬ್ಬ 1999ರಲ್ಲಿ ಅಮೆರಿಕದ ಅಂಗಡಿಗೆ ಬಂತು. ನಮ್ಮಲ್ಲಿ ಡಿಷ್ ಜೊತೆಗೇ ಹಾರ್ಡ್‌ಡಿಸ್ಕ್ ಸೇರಿಸಿ ಕೊಡುವ ಕ್ರಮ 2008ರ ಟಾಟಾ ಸ್ಕೈ ಪ್ಲಸ್‌ನಿಂದ ಮನೆಮಾತಾಯಿತು. ಈಗ ಒಳಗೇ ಡಿಸ್ಕ್ ಇರುವ ಡಬ್ಬ ಹುಡುಕುವ ಅಗತ್ಯವಿಲ್ಲ. ಯುಎಸ್‌ಬಿ ಕಿಂಡಿ ಇದ್ದು, ಮೆನುವಿನಲ್ಲಿ ರೆಕಾರ್ಡಿಂಗ್ ಸೌಲಭ್ಯ ತೆರೆದಿರುವ ಎಚ್‌ಡಿ ಡಬ್ಬ ಸಾಕು. ಕಿಂಡಿ ಇದ್ದ ಮಾತ್ರಕ್ಕೆ ರೆಕಾರ್ಡ್ ಆಗುತ್ತದೆ ಎಂದೇನಿಲ್ಲ. ಕೆಲವು ಡಬ್ಬಗಳಲ್ಲಿ ಅದು ಬರೀ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಇರುತ್ತದೆ, ಕೆಲವರಲ್ಲಿ ತಿಂಗಳಿಗೆ ಪ್ರತ್ಯೇಕ ಶುಲ್ಕ ಕೇಳುತ್ತಾರೆ. ಕೊಳ್ಳುವ ಮುಂಚೆ ಡಿಷ್‌ನವರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎಷ್ಟು ದೊಡ್ಡ ಡಿಸ್ಕ್ ಬೇಕು ಅನ್ನುವುದಕ್ಕೆ ಒಂದೇ ಲೆಕ್ಕ: ಸೆಕೆಂಡಿಗೆ 1 ಮೆಗಾಬಿಟ್ ಬಂದರೆ ಗಂಟೆಗೆ 450 ಎಂಬಿ. ಸಾಧಾರಣ ಎಸ್‌ಡಿ ಚಾನೆಲ್ 2.5 ಮೆಗಾಬಿಟ್ ಆಸುಪಾಸಿನಲ್ಲಿದ್ದರೆ ಗಂಟೆಗೆ 1.1 ಜಿಬಿ. ಎಚ್‌ಡಿ ಚಾನೆಲ್ 7 ಮೆಗಾಬಿಟ್ ಹಿಡಿದರೆ ಗಂಟೆಗೆ ಸುಮಾರು 3.2 ಜಿಬಿ. ಚಾನೆಲ್‌ನಿಂದ ಚಾನೆಲ್‌ಗೆ ಇದು ಬದಲಾಗುವುದರಿಂದ ನಿಮಗೆ ಬೇಕಾದ ಚಾನೆಲ್ಲನ್ನು 10 ನಿಮಿಷ ರೆಕಾರ್ಡ್ ಮಾಡಿ, ಬಂದ ಗಾತ್ರವನ್ನು 6ರಿಂದ ಗುಣಿಸಿ ನೋಡುವುದೇ ಸರಿ. ಈ ಲೆಕ್ಕದಲ್ಲಿ 1 ಟಿಬಿ ಡಿಸ್ಕ್‌ಗೆ ಎಸ್‌ಡಿ ಆದರೆ 900 ಗಂಟೆ, ಎಚ್‌ಡಿ ಆದರೆ 300 ಗಂಟೆ. ಒಂದು ಮನೆಗೆ ಅಷ್ಟು ಧಾರಾಳವಾಗಿ ಸಾಕು. 2 ಟಿಬಿ ತಂದರೆ ನೋಡದೇ ಉಳಿಯುವುದು ಎರಡರಷ್ಟಾಗುತ್ತದೆ, ಅಷ್ಟೇ.

ಪೆನ್‌ಡ್ರೈವ್ ಹಾಕಬೇಡಿ. ವೇಗದ ಸಮಸ್ಯೆ ಅದಲ್ಲ. 7 ಮೆಗಾಬಿಟ್ ಅಂದರೆ ಸೆಕೆಂಡಿಗೆ 1 ಎಂಬಿಗೂ ಕಡಿಮೆ, ಯಾವ ಪೆನ್‌ಡ್ರೈವೂ ಅಷ್ಟು ಬರೆಯುತ್ತದೆ. ತೊಂದರೆ ಇರುವುದು ನೇರಪ್ರಸಾರವನ್ನು ನಿಲ್ಲಿಸಿ ಹಿಂದಕ್ಕೆ ಹೋಗುವ ಸೌಲಭ್ಯದಲ್ಲಿ. ಅದು ಚಾಲೂ ಇದ್ದರೆ ನೀವು ರೆಕಾರ್ಡ್ ಒತ್ತಿರಲಿ ಬಿಡಲಿ, ಟಿವಿ ಓಡುವಷ್ಟು ಹೊತ್ತೂ ಡಬ್ಬ ಬರೆಯುತ್ತಲೇ ಇರುತ್ತದೆ. ದಿನಕ್ಕೆ 6 ಗಂಟೆ ಎಚ್‌ಡಿ ನೋಡಿದರೆ 19 ಜಿಬಿ, ವರ್ಷಕ್ಕೆ ಹತ್ತಿರ ಹತ್ತಿರ 7 ಟಿಬಿ. 32 ಜಿಬಿಯ ಪೆನ್‌ಡ್ರೈವ್ ಆದರೆ ಇನ್ನೂರಕ್ಕೂ ಹೆಚ್ಚು ಸಲ ಪೂರ್ತಿ ಬರೆದು ಅಳಿಸಿದ ಹಾಗೆ. ಅಗ್ಗದ್ದಾದರೆ ನಡುನಡುವೆ ತಡವರಿಸುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ನಾವು ಮಳೆ ಅಂದುಕೊಂಡು ಡಿಷ್ ತಿರುಗಿಸಲು ಹೋಗುತ್ತೇವೆ.

ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್‌ಡಿಸ್ಕ್ ಒಳ್ಳೆಯದು. ಆದರೆ ಅದಕ್ಕೆ ಕರೆಂಟ್ ಸಾಲುತ್ತದೆಯೇ ನೋಡಿಕೊಳ್ಳಬೇಕು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪ್. ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಡಿಸ್ಕ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಕಿವಿಗೊಟ್ಟರೆ ಗೊತ್ತಾಗುತ್ತದೆ: ಟಿಕ್, ಒಂದು ಗಳಿಗೆ ಮೌನ, ಮತ್ತೆ ಟಿಕ್. ಡಬ್ಬ 'ಡಿಸ್ಕ್ ಇಲ್ಲ' ಅನ್ನುತ್ತಿರುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ, ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿದರೆ ಸರಿಹೋಗುತ್ತದೆ.

ಡಿಸ್ಕ್ ಸಿಕ್ಕಿಸಿದ ಮೊದಲ ಸಲ ಡಬ್ಬ ಅದನ್ನು ಫಾರ್ಮ್ಯಾಟ್ ಮಾಡುತ್ತದೆ, ಅದರಲ್ಲಿದ್ದ ಮದುವೆ ಫೋಟೋಗಳೆಲ್ಲ ಹೋಗುತ್ತವೆ. ಹೊಸ ಡಿಸ್ಕನ್ನೇ ಹಾಕಿ. ಇನ್ನೊಂದು ಮಾತು ಅಂಗಡಿಯವರು ಹೇಳುವುದೇ ಇಲ್ಲ: ಹಣ ಕೊಟ್ಟು ನೋಡುವ ಡಿಷ್‌ನ ರೆಕಾರ್ಡಿಂಗಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಬೀಗದ ಕೈ ಆ ಒಂದು ಡಬ್ಬದೊಳಗೇ ಇರುತ್ತದೆ. ಕಂಪ್ಯೂಟರಿಗೆ ಹಾಕಿದರೆ ಓದುವುದಿಲ್ಲ. ಡಬ್ಬ ಕೆಟ್ಟು ಬದಲಿ ಕೊಟ್ಟರೆ ಹಳೆಯದೆಲ್ಲ ದಂಡ. ರೀಚಾರ್ಜ್ ಮುಗಿದರೆ ಕೆಲವರದು ಹಳೆಯ ರೆಕಾರ್ಡಿಂಗನ್ನೂ ತೋರಿಸುವುದಿಲ್ಲ. ಹಾಗಾಗಿ ಈ ಡಬ್ಬವನ್ನು ಇವತ್ತಿನದನ್ನು ನಾಳೆ ನೋಡಲು ಮಾತ್ರ ಬಳಸುತ್ತೇನೆ. ವರ್ಷಗಟ್ಟಲೆ ಇಡಬೇಕಾದ್ದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಹಿಂದೆ ಎರಡು, ಮುಂದೆ ಹತ್ತು

ರೆಕಾರ್ಡಿಂಗ್ ಕೈಕೊಡುವುದು ಯಂತ್ರದಿಂದಲ್ಲ, ವೇಳಾಪಟ್ಟಿಯಿಂದ. ಎಂಟಕ್ಕೆ ಅಂತ ಇರುವುದು ಏಳು ಐವತ್ತೊಂಬತ್ತಕ್ಕೆ ಶುರುವಾಗಬಹುದು, ಎಂಟೂವರೆಗೆ ಮುಗಿಯಬೇಕಾದ್ದು ಎಂಟು ಮೂವತ್ತನಾಲ್ಕರವರೆಗೆ ಎಳೆಯಬಹುದು. ಧಾರಾವಾಹಿಯ ತಿರುವು ಇರುವುದೇ ಕೊನೆಯ ಎರಡು ನಿಮಿಷದಲ್ಲಿ. ಆದ್ದರಿಂದ ಡಬ್ಬದ ಸೆಟ್ಟಿಂಗ್‌ನಲ್ಲಿ 2 ನಿಮಿಷ ಮುಂಚೆ ಶುರು, 10 ನಿಮಿಷ ತಡವಾಗಿ ಮುಕ್ತಾಯ ಅಂತ ಶಾಶ್ವತವಾಗಿ ಇಟ್ಟಿದ್ದೇನೆ.

ಇದರಿಂದ ಹೊಸ ರಗಳೆ ಹುಟ್ಟುತ್ತದೆ. ಒಂದು ಚಾನೆಲ್‌ನಲ್ಲಿ ಎಂಟರಿಂದ ಎಂಟೂವರೆ, ಇನ್ನೊಂದರಲ್ಲಿ ಎಂಟೂವರೆಯಿಂದ ಒಂಬತ್ತು ಅಂತ ಎರಡು ರೆಕಾರ್ಡಿಂಗ್ ಹಾಕಿದ್ದೀರಿ ಅನ್ನಿ. ಮೊದಲನೆಯದು 8:40ರವರೆಗೆ ಟ್ಯೂನರ್ (ಡಬ್ಬದಲ್ಲಿ ಚಾನೆಲ್ ಹಿಡಿಯುವ ಭಾಗ) ಹಿಡಿದಿರುತ್ತದೆ, ಎರಡನೆಯದು 8:28ಕ್ಕೇ ಕೇಳುತ್ತದೆ. ಒಂದೇ ಟ್ಯೂನರ್ ಇರುವ ಡಬ್ಬ ಎರಡರಲ್ಲಿ ಒಂದನ್ನು ಕೈಬಿಡುತ್ತದೆ, ಎಷ್ಟೋ ಡಬ್ಬಗಳು ಹೇಳುವುದೂ ಇಲ್ಲ. ಪರಿಹಾರ ಎರಡಿವೆ. ಮಾರನೇ ದಿನ ಬೆಳಿಗ್ಗೆಯೋ ಮಧ್ಯಾಹ್ನವೋ ಆಗುವ ಮರುಪ್ರಸಾರಕ್ಕೆ ಟೈಮರ್ ಇಡುವುದು ಒಂದು. ಆ ಹೊತ್ತಿನಲ್ಲಿ ಟ್ಯೂನರ್‌ಗೆ ಪೈಪೋಟಿ ಇರುವುದಿಲ್ಲ. ಇನ್ನೊಂದು, ಎರಡರಲ್ಲಿ ಒಂದನ್ನು ಆಪ್‌ಗೆ ಬಿಟ್ಟುಬಿಡುವುದು. ನಮ್ಮ ಮನೆಯಲ್ಲಿ ದಿನವಹಿ ಧಾರಾವಾಹಿ ರೆಕಾರ್ಡಿಂಗ್ ಪಟ್ಟಿಯಿಂದ ಪೂರ್ತಿ ಹೊರಬಿದ್ದದ್ದು ಈ ಕಾರಣಕ್ಕೇ. ಎಂಟರಿಂದ ಹತ್ತರವರೆಗೆ ರಿಮೋಟ್ ಯಾರ ಕೈಯಲ್ಲಿ ಅನ್ನುವ ತಕರಾರೂ ಅದರ ಜೊತೆಗೆ ಹೋಯಿತು. ಅಮ್ಮ ಮಧ್ಯಾಹ್ನ ಊಟ ಆದ ಮೇಲೆ ಹಿಂದಿನ ದಿನದ ಎರಡು-ಮೂರು ಸಂಚಿಕೆ ಒಟ್ಟಿಗೆ ನೋಡುತ್ತಾರೆ.

'ಸರಣಿ ಪೂರ್ತಿ ರೆಕಾರ್ಡ್' ಒತ್ತಿದರೆ ನೆಮ್ಮದಿ ಅಂದುಕೊಳ್ಳಬೇಡಿ. ಡಬ್ಬ ಹುಡುಕುವುದು ಹೆಸರನ್ನು. ನಮ್ಮ ಚಾನೆಲ್‌ಗಳ ಹೆಸರುಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಕಾಗುಣಿತ ವಾರಕ್ಕೊಂದು ತರಹ. ಮಹಾಸಂಚಿಕೆ ಬಂದ ದಿನ ಹೆಸರಿನ ಹಿಂದೆ ಮುಂದೆ ಏನೋ ಅಂಟಿಕೊಂಡು ಡಬ್ಬಕ್ಕೆ ಗುರುತೇ ಸಿಗುವುದಿಲ್ಲ. ಅದೇ ಡಬ್ಬ ಮಧ್ಯಾಹ್ನದ ಮರುಪ್ರಸಾರವನ್ನು ಮಾತ್ರ ನಿಷ್ಠೆಯಿಂದ ಮತ್ತೆ ರೆಕಾರ್ಡ್ ಮಾಡಿಟ್ಟಿರುತ್ತದೆ! ಹೆಸರು ಬಿಟ್ಟು ಚಾನೆಲ್, ವಾರ, ಗಂಟೆ ಹೇಳುವ ಟೈಮರ್ ಇಟ್ಟರೆ ಈ ಎರಡೂ ಕಾಟ ತಪ್ಪುತ್ತದೆ.

ಮೈಸೂರು ದಸರಾ ಜಂಬೂಸವಾರಿಯಂಥದ್ದಕ್ಕೆ 10 ನಿಮಿಷದ ಅಂಚು ಏನೇನೂ ಸಾಲದು. ಚಂದನದಲ್ಲಿ ನೇರಪ್ರಸಾರ ಇರುತ್ತದೆ. ಅಂಬಾರಿಗೆ ಪುಷ್ಪಾರ್ಚನೆಯ ಮುಹೂರ್ತ ಮೊದಲೇ ಘೋಷಣೆಯಾಗಿದ್ದರೂ ಸ್ತಬ್ಧಚಿತ್ರಗಳು ಮುಂದೆ ಸಾಗಿ ಆನೆ ಬರುವ ಹೊತ್ತು ಯಾರ ಕೈಯಲ್ಲೂ ಇರುವುದಿಲ್ಲ. ಮಧ್ಯಾಹ್ನ ಒಂದರಿಂದ ಸಂಜೆ ಏಳರವರೆಗೆ ಒಂದೇ ಟೈಮರ್ ಹಾಕುತ್ತೇನೆ. ಆರು ಗಂಟೆ, ಎಸ್‌ಡಿಯಲ್ಲಿ 6ರಿಂದ 7 ಜಿಬಿ. ಇಲ್ಲಿ ಇನ್ನೊಂದು ತೊಡಕು ಇದೆ: ಡಿಸ್ಕ್ ಫ್ಯಾಟ್32 ಅನ್ನುವ ಫಾರ್ಮ್ಯಾಟಿನಲ್ಲಿದ್ದರೆ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಒಳ್ಳೆಯ ಡಬ್ಬ ತುಂಡು ಮಾಡಿ ಮುಂದುವರಿಸುತ್ತದೆ. ಅಗ್ಗದ್ದು ಅಲ್ಲಿಗೇ ನಿಲ್ಲಿಸುತ್ತದೆ, ಅಂದರೆ ಆನೆ ಬರುವ ಮುಂಚೆ. ಡಬ್ಬ ಒಪ್ಪುವುದಾದರೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿಕೊಳ್ಳಿ, ಒಪ್ಪದಿದ್ದರೆ ಎರಡೆರಡು ಗಂಟೆಯ ಮೂರು ಟೈಮರ್ ಇಡಿ.

ಜಾಹೀರಾತು ದಾಟುವುದಕ್ಕೆ ರೆಕಾರ್ಡಿಂಗ್ ಮುಗಿಯುವವರೆಗೂ ಕಾಯಬೇಕಿಲ್ಲ. ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ, ಒಟ್ಟು 12 ನಿಮಿಷದ ಮಿತಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ ರೆಕಾರ್ಡಿಂಗ್ ಶುರು ಮಾಡಿ, 12-15 ನಿಮಿಷ ಬಿಟ್ಟು ಮೊದಲಿನಿಂದ ನೋಡಲು ಕೂತರೆ ಜಾಹೀರಾತು ಹಾರಿಸುತ್ತ ಹೋಗಿ ನೇರಪ್ರಸಾರದ ಜೊತೆಗೇ ಮುಗಿಸಬಹುದು. ಮಾತಿನ ನಡುವೆ ಪರದೆಯ ಅಂಚಿನಲ್ಲಿ ತೂರಿಸುವ ಜಾಹೀರಾತಿಗೆ ಮದ್ದಿಲ್ಲ.

ಇಟ್ಟುಕೊಳ್ಳುವಂಥದ್ದಕ್ಕೆ: ಫ್ರೀ ಡಿಷ್ ಮತ್ತು ಹಳೆಯ ಕಂಪ್ಯೂಟರ್

ಡಿಡಿ ಫ್ರೀ ಡಿಷ್ (ದೂರದರ್ಶನದವರ ತಿಂಗಳ ಚಂದಾ ಇಲ್ಲದ ಡಿಷ್ ಸೇವೆ) ಕೊಡುವ ಬೀಗವಿಲ್ಲದ ಚಾನೆಲ್‌ಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದರೆ ಕಡತ ನಿಮ್ಮದೇ, ಯಾವ ಯಂತ್ರದಲ್ಲೂ ಓಡುತ್ತದೆ. ಬೇಕಾದ ಸಾಮಾನು: ಡಿಷ್, ಯೂನಿವರ್ಸಲ್ ಎಲ್‌ಎನ್‌ಬಿ (ತಟ್ಟೆಯ ಮುಂದೆ ಕೂತು ಸಿಗ್ನಲ್ ಹಿಡಿಯುವ ತಲೆ), ಆರ್‌ಜಿ6 ಕೇಬಲ್, ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಹೊಸ ಪದ್ಧತಿ) ಟ್ಯೂನರ್, ಲಿನಕ್ಸ್ ಹಾಕಿದ ಯಾವುದಾದರೂ ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಮತ್ತು ಟಿವಿಹೆಡ್‌ಎಂಡ್ ಅನ್ನುವ ಉಚಿತ ತಂತ್ರಾಂಶ. ಟ್ಯೂನರ್ ಕೊಳ್ಳುವಾಗ ಹಳೆಯ ಡಿವಿಬಿ-ಎಸ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಎಸ್2 ಸಿಗ್ನಲ್ ಅದಕ್ಕೆ ಹಿಡಿಯುವುದೇ ಇಲ್ಲ. ಟ್ಯೂನರ್‌ಗೆ ಬೇರೆ ಅಡಾಪ್ಟರ್ ಇರಬೇಕು. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುವುದು ಅದೇ, ಯುಎಸ್‌ಬಿಯ 5 ವೋಲ್ಟ್‌ನಿಂದ ಅದು ನೆಟ್ಟಗೆ ಆಗುವುದಿಲ್ಲ. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಕೊಡುವುದು 1.2 ಆಂಪ್ ಅನ್ನುವುದೂ ನೆನಪಿರಲಿ. ಟ್ಯೂನರ್ ಮತ್ತು ಡಿಸ್ಕ್ ಎರಡನ್ನೂ ಅದರ ಮೇಲೆ ಹೇರಬಾರದು.

ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿ. ಬೆಂಗಳೂರಿನಿಂದ ನೋಡಿದರೆ ಉತ್ತರದಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ 128 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ. ಎತ್ತರ 66 ಡಿಗ್ರಿ. ಮನೆಗಳ ಮೇಲೆ ಕಾಣುವ ಆಫ್‌ಸೆಟ್ ಡಿಷ್‌ಗಳು ತಮ್ಮ ಮುಖಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಕ್ಕೆ ನೋಡುವುದರಿಂದ ತಟ್ಟೆಯನ್ನು 66ಕ್ಕೆ ಎತ್ತಿದರೆ ಏನೂ ಸಿಗುವುದಿಲ್ಲ, 40ರ ಸುತ್ತಮುತ್ತ ಹುಡುಕಬೇಕು. ಹೊಂದಿಸುವಾಗ ನೋಡಬೇಕಾದ್ದು 'ಕ್ವಾಲಿಟಿ' ಪಟ್ಟಿಯನ್ನು. 'ಸ್ಟ್ರೆಂತ್' ಪಟ್ಟಿ ಎಲ್‌ಎನ್‌ಬಿಗೆ ಬರೀ ಕರೆಂಟ್ ತಲುಪಿದರೂ ಏರಿ ನಿಲ್ಲುತ್ತದೆ. ಮಲೆನಾಡಿನಲ್ಲಿ ಇರುವವರು 60 ಸೆಂಟಿಮೀಟರಿನ ಬದಲು 90ರ ಡಿಷ್ ಹಾಕಿಕೊಂಡರೆ ತಟ್ಟೆಯ ವಿಸ್ತೀರ್ಣ ಎರಡೂಕಾಲು ಪಟ್ಟು, ಸಿಗ್ನಲ್‌ನಲ್ಲಿ 3.5 ಡೆಸಿಬೆಲ್ ಲಾಭ. ಆಷಾಢದ ಮಳೆಗೆ ರೆಕಾರ್ಡಿಂಗ್ ತುಂಡಾಗುವುದು ಪೂರ್ತಿ ನಿಲ್ಲದಿದ್ದರೂ ಬಹಳ ಕಡಿಮೆಯಾಗುತ್ತದೆ. ಎಲ್‌ಎನ್‌ಬಿ ಕನೆಕ್ಟರ್‌ಗೆ ರಬ್ಬರ್ ಟೇಪ್ ಬಿಗಿದು, ಕೇಬಲ್ಲನ್ನು ಕೆಳಗೊಂದು ಬಳುಕು ಕೊಟ್ಟು ಎಳೆಯಿರಿ. ನೀರು ಆ ಬಳುಕಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್ ಒಳಗೆ ಇಳಿಯುವುದಿಲ್ಲ.

ಟಿವಿಹೆಡ್‌ಎಂಡ್ ಹಾಕಿದ ಮೇಲೆ ಅದೇ ಕಂಪ್ಯೂಟರಿನ 9981ನೇ ಪೋರ್ಟನ್ನು ಬ್ರೌಸರ್‌ನಲ್ಲಿ ತೆರೆಯಬೇಕು. ಕ್ರಮ ಹೀಗೆ: ಟ್ಯೂನರ್ ಕಾಣುತ್ತಿದೆಯೇ ನೋಡುವುದು (ಕಾಣದಿದ್ದರೆ ಬಹುಪಾಲು ಅದರ ಫರ್ಮ್‌ವೇರ್ ಕಡತ ಸಿಸ್ಟಮ್‌ನ ಫರ್ಮ್‌ವೇರ್ ಫೋಲ್ಡರಿನಲ್ಲಿ ಇರುವುದಿಲ್ಲ), ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನು ಮಾಡಿ ಟ್ಯೂನರ್‌ಗೆ ಜೋಡಿಸುವುದು, ಎಲ್‌ಎನ್‌ಬಿ ಬಗೆ ಯೂನಿವರ್ಸಲ್ ಎಂದು ಆರಿಸುವುದು, ಅಂದರೆ 9750 ಮತ್ತು 10600 ಮೆಗಾಹರ್ಟ್ಸ್. ಜೊತೆಗೆ ಬರುವ ಸಿದ್ಧ ಫ್ರೀಕ್ವೆನ್ಸಿ ಪಟ್ಟಿ ಹಳೆಯದಾಗಿರಬಹುದು. ಯಾವುದೇ ಫ್ರೀ ಡಿಷ್ ಡಬ್ಬದ ಇನ್‌ಸ್ಟಲೇಷನ್ ಮೆನುವಿನಲ್ಲಿ ಈಗ ಚಾಲ್ತಿಯಲ್ಲಿರುವ ಫ್ರೀಕ್ವೆನ್ಸಿ, ಪೋಲರೈಸೇಷನ್, ಸಿಂಬಲ್ ರೇಟ್ ಕಾಣುತ್ತದೆ. ಅದನ್ನು ನೋಡಿ ಒಂದೊಂದನ್ನೇ ಕೈಯಾರೆ ಸೇರಿಸಿ ಸ್ಕ್ಯಾನ್ ಮಾಡಿದರೆ ಚಾನೆಲ್‌ಗಳು ಬರುತ್ತವೆ.

ಡಬ್ಬಕ್ಕಿಂತ ಇದು ಮೇಲಾಗುವುದು ಒಂದು ವಿಷಯಕ್ಕೆ. ಒಂದು ಫ್ರೀಕ್ವೆನ್ಸಿಯಲ್ಲಿ ಹತ್ತಾರು ಚಾನೆಲ್ ಒಟ್ಟಿಗೇ ಬರುತ್ತವೆ, ಟ್ಯೂನರ್ ಅಷ್ಟನ್ನೂ ಹಿಡಿದಿರುತ್ತದೆ. ಆ ಗುಂಪಿನಲ್ಲಿರುವ ಎರಡು-ಮೂರು ಚಾನೆಲ್‌ಗಳನ್ನು ಒಂದೇ ಟ್ಯೂನರಿನಲ್ಲಿ ಏಕಕಾಲಕ್ಕೆ ರೆಕಾರ್ಡ್ ಮಾಡಬಹುದು, ಎಂಟೂವರೆಯ ಜಗಳವೇ ಇಲ್ಲ. ರೆಕಾರ್ಡಿಂಗ್ ಪ್ರೊಫೈಲನ್ನು 'ಪಾಸ್' ಅಂತಲೇ ಬಿಡಿ. ಬಂದದ್ದು ಬಂದ ಹಾಗೆ ಡಿಸ್ಕ್‌ಗೆ ಇಳಿಯುತ್ತದೆ, ಪ್ರೊಸೆಸರ್‌ಗೆ ಭಾರವಿಲ್ಲ. ನೋಡುವುದಕ್ಕೆ ಟಿವಿಯಲ್ಲಿ ಕೋಡಿ ಅನ್ನುವ ಪ್ಲೇಯರ್ ಆಪ್ ಹಾಕಿ ಅದರ ಟಿವಿಹೆಡ್‌ಎಂಡ್ ಆಡ್‌ಆನ್ ಜೋಡಿಸಿದರೆ ಸಾಕು. ಜಾಹೀರಾತನ್ನು ತಾನೇ ಗುರುತಿಸಿ ಕತ್ತರಿಸುವ ತಂತ್ರಾಂಶವೂ ಇದೆ. ಅದು ನಂಬುವುದು ಕಪ್ಪು ಚೌಕಟ್ಟು, ಮೌನ, ಲೋಗೋ ಮಾಯವಾಗುವುದು ಇಂಥ ಸೂಚನೆಗಳನ್ನು. ನಮ್ಮ ಚಾನೆಲ್‌ಗಳಲ್ಲಿ ಅವು ಅಚ್ಚುಕಟ್ಟಾಗಿ ಸಿಗುವುದಿಲ್ಲ, ಕತೆಯನ್ನೇ ಕತ್ತರಿಸಿಬಿಡುತ್ತದೆ. ರಿಮೋಟಿನ ಬಾಣಕ್ಕೆ 30 ಸೆಕೆಂಡ್, 1 ನಿಮಿಷ, 3 ನಿಮಿಷದ ಜಿಗಿತ ಇಟ್ಟುಕೊಳ್ಳುವುದು ವಾಸಿ.

ಕರೆಂಟ್, ವೈಫೈ, ರಿಮೋಟ್

ಮಲಗುವ ಮುಂಚೆ ಟಿವಿಯ ಗೋಡೆ ಸ್ವಿಚ್ ಆರಿಸುವ ಅಭ್ಯಾಸ ಇರುವ ಮನೆಯಲ್ಲಿ ಬೆಳಗಿನ ರೆಕಾರ್ಡಿಂಗ್ ಯಾವತ್ತೂ ಆಗುವುದಿಲ್ಲ. ಡಬ್ಬಕ್ಕೆ ಬೇರೆ ಪ್ಲಗ್ ಕೊಟ್ಟು, ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ. ಕರೆಂಟ್ ಹೋಗಿ ಬಂದರೆ ಡಬ್ಬ ಮತ್ತೆ ಏಳಲು ಕೆಲವು ನಿಮಿಷ ಬೇಕು, ಅಷ್ಟು ಭಾಗ ನಷ್ಟ. ರೂಟರ್‌ಗೆ ಬಳಸುವ 12 ವೋಲ್ಟಿನ ಪುಟ್ಟ ಯುಪಿಎಸ್ ಎಷ್ಟೋ ಡಬ್ಬಗಳಿಗೂ ಆಗುತ್ತದೆ. ಅಡಾಪ್ಟರಿನ ಮೇಲೆ 12 ವೋಲ್ಟ್ ಇದೆಯೇ, ಎಷ್ಟು ಆಂಪ್, ಪಿನ್ನಿನ ನಡುವೆ ಪ್ಲಸ್ ಇದೆಯೇ, ಮೂರನ್ನೂ ನೋಡಿಯೇ ಹಾಕಬೇಕು. ಗುಡುಗು ಮಿಂಚು ಇದ್ದರೆ ಮಾತ್ರ ಯಾವ ರೆಕಾರ್ಡಿಂಗೂ ಬೇಡ, ಪ್ಲಗ್ ಮತ್ತು ಡಿಷ್ ಕೇಬಲ್ ಎರಡನ್ನೂ ಕಿತ್ತಿಡಿ.

ಒಟಿಟಿಗೆ ಭಾರೀ ವೇಗ ಬೇಕೆನ್ನುವುದು ಮಾರಾಟದವರ ಮಾತು. ಫುಲ್ ಎಚ್‌ಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ಅಂತ ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ಚಿತ್ರ ನಿಂತು ನಿಂತು ಬರುವುದಕ್ಕೆ ಸಾಮಾನ್ಯವಾಗಿ ಕಾರಣ 2.4 ಗಿಗಾಹರ್ಟ್ಸ್ ವೈಫೈ. ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ರೂಟರೂ ಅಲ್ಲೇ ಕಿರುಚುತ್ತಿರುತ್ತದೆ. ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಆಗುವುದಾದರೆ ಕೇಬಲ್ಲೇ ಎಳೆದುಬಿಡಿ. ಟಿವಿಯ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದೇ ಆಗಿದ್ದರೂ ಧಾರಾಳ.

ಕ್ರಿಕೆಟ್ಟನ್ನು ಆಪ್‌ಗೆ ಬಿಡದಿರುವುದಕ್ಕೆ ಕಾರಣ ವಿಳಂಬ. ಉಪಗ್ರಹಕ್ಕೆ ಹೋಗಿ ಬರುವ ದಾರಿಗೆ ಕಾಲು ಸೆಕೆಂಡ್, ಉಳಿದ ಸಂಸ್ಕರಣೆಗೆ ಕೆಲವು ಸೆಕೆಂಡ್. ಆಪ್ ಆದರೆ ಚಿತ್ರವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೆರಡು ತುಂಡು ಕೂಡಿಟ್ಟುಕೊಂಡು ತೋರಿಸುತ್ತದೆ. ಅರ್ಧ ನಿಮಿಷ ಹಿಂದೆ ಬಿದ್ದರೂ ಬಿದ್ದೀತು. ನಮ್ಮ ಪರದೆಯಲ್ಲಿ ಬೌಲರ್ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯಲ್ಲಿ ಪಟಾಕಿ.

ಹಿರಿಯರಿರುವ ಮನೆಯಲ್ಲಿ ಇದೆಲ್ಲ ಓಡುವುದು ಒಂದೇ ರಿಮೋಟ್ ಇದ್ದರೆ. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ (ಟಿವಿಯೂ ಡಬ್ಬವೂ ಕೇಬಲ್ ಮೂಲಕವೇ ಪರಸ್ಪರ ಸೂಚನೆ ಕೊಡುವ ಸೌಲಭ್ಯ) ಚಾಲೂ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಡಬ್ಬವೂ ಒಪ್ಪಿದರೆ ಅದು ಎದ್ದ ಕೂಡಲೇ ಟಿವಿ ತಾನೇ ಆ ಕಿಂಡಿಗೆ ಬರುತ್ತದೆ. ಆಪ್‌ಗಳಲ್ಲಿ ಅಮ್ಮನಿಗೆ, ಮಕ್ಕಳಿಗೆ ಬೇರೆ ಬೇರೆ ಪ್ರೊಫೈಲ್ ಮಾಡಿಕೊಡಿ, ಇಲ್ಲದಿದ್ದರೆ ಎಲ್ಲಿಗೆ ನಿಲ್ಲಿಸಿದ್ದರೋ ಆ ಗುರುತು ಕಲಸಿಹೋಗುತ್ತದೆ. ಮುಂದಿನ ಸಂಚಿಕೆ ತಾನೇ ಓಡುವುದನ್ನು ಆಫ್ ಮಾಡಿಬಿಡಿ. ನಿದ್ದೆ ಹತ್ತಿದವರ ಮುಂದೆ ನಾಲ್ಕು ಸಂಚಿಕೆ ಓಡಿಹೋದರೆ ಮಾರನೇ ದಿನ ಎಲ್ಲಿಂದ ನೋಡಬೇಕೆಂದು ಹುಡುಕುವ ಕೆಲಸ ನಮ್ಮ ಪಾಲಿಗೆ.

ಅಳಿಸುವುದಕ್ಕೂ ನಿಯಮ ಬೇಕು. ವಾರದ ಕಾರ್ಯಕ್ರಮಕ್ಕೆ 14 ದಿನ, ಚಿತ್ರಕ್ಕೆ 60 ದಿನ, ಆಮೇಲೆ ತಾನಾಗೇ ಹೋಗುವಂತೆ ಟಿವಿಹೆಡ್‌ಎಂಡ್‌ನಲ್ಲೇ ಹಾಕಿಟ್ಟಿದ್ದೇನೆ. ಎರಡು ತಿಂಗಳು ನೋಡದ ಚಿತ್ರವನ್ನು ಮೂರನೇ ತಿಂಗಳೂ ಯಾರೂ ನೋಡುವುದಿಲ್ಲ. ಜಂಬೂಸವಾರಿ, ಚಂದನದ ಸಂಗೀತ ಕಛೇರಿ, ಯಕ್ಷಗಾನ ಇಂಥವನ್ನು ಮಾತ್ರ ಹಿಂದೆ ಮುಂದೆ ಕತ್ತರಿಸಿ, ಮರು ಎನ್‌ಕೋಡ್ ಮಾಡದೆ (ಅಂದರೆ ಚಿತ್ರವನ್ನು ಮತ್ತೆ ಕುಗ್ಗಿಸದೆ) ಎಂಕೆವಿ ಬಗೆಯ ಕಡತಕ್ಕೆ ವರ್ಗಾಯಿಸುತ್ತೇನೆ. ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಕೆಲಸ ನಿಮಿಷದೊಳಗೆ ಮುಗಿಯುತ್ತದೆ. ಕಡತದ ಹೆಸರಿನಲ್ಲಿ ಇಸವಿ-ತಿಂಗಳು-ದಿನ ಈ ಕ್ರಮದಲ್ಲಿ ಮೊದಲು ಬರೆದು, ಆಮೇಲೆ ಚಾನೆಲ್, ಆಮೇಲೆ ಕಾರ್ಯಕ್ರಮ. ಒಂದು ಪ್ರತಿ ಈ ಕಂಪ್ಯೂಟರಿನಲ್ಲಿ, ಇನ್ನೊಂದು ಕಪಾಟಿನಲ್ಲಿರುವ ಬೇರೆ ಡಿಸ್ಕಿನಲ್ಲಿ. ಸದಾ ತಿರುಗುವ ರೆಕಾರ್ಡಿಂಗ್ ಡಿಸ್ಕ್ ಮೊದಲು ಸಾಯುತ್ತದೆ. ಬದಲಿಸುವಾಗ ಸಿಸಿಟಿವಿ ರೆಕಾರ್ಡರ್‌ಗೆ ಅಂತಲೇ ಮಾರುವ ಮೂರೂವರೆ ಇಂಚಿನ ಡಿಸ್ಕನ್ನು ಅಡಾಪ್ಟರ್ ಇರುವ ಕೇಸಿನಲ್ಲಿ ಹಾಕಿಕೊಳ್ಳಿ, ಹಗಲು ರಾತ್ರಿ ಬರೆಯಲೆಂದೇ ಮಾಡಿದ್ದು ಅದು.